ಮದ್ದುಗುಂಡು ಹೊತ್ತ ಹಡಗು: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ಸ್ವಲ್ಪ ಕಾಫಿ, ಮೆಣಸು ಇದೆ. ಕಿರಿಯ ಮಗ ಅಗ್ನಿವೀರನಾಗಿ ನೌಕಾದಳ ಸೇರಿ, ಒಡಿಶಾದ ಚಿಲ್ಕಾದಲ್ಲಿ ತರಬೇತಿ ಮುಗಿಸಿ, ಈಗ ಬೇರೆ ಯುದ್ಧನೌಕೆಗಳಿಗೆ ನಡುಸಮುದ್ರದಲ್ಲಿ ಎಣ್ಣೆ, ದಿನಸಿ, ಮದ್ದುಗುಂಡು ಒದಗಿಸುವ ದೊಡ್ಡ ಹಡಗಿನಲ್ಲಿದ್ದಾನೆ. ಎರಡು ಹಡಗುಗಳು ಅಕ್ಕಪಕ್ಕ ಓಡುತ್ತಿರುವಾಗಲೇ ಹಗ್ಗ ಕಟ್ಟಿ ಸಾಮಾನು ದಾಟಿಸುವ ವಿಡಿಯೊ ನೋಡಿದ ಮೇಲೆ ನನಗೆ ನಿದ್ದೆ ಹತ್ತುತ್ತಿಲ್ಲ. ಇಲ್ಲಿ ಶಿರಾಡಿ ಘಾಟಿಯಲ್ಲಿ ಒಂದು ಗ್ಯಾಸ್ ಟ್ಯಾಂಕರ್ ಮಗುಚಿದರೆ ಎರಡೂ ಕಡೆ ರಸ್ತೆ ಮುಚ್ಚಿ ಜನರನ್ನು ದೂರ ಕಳಿಸುತ್ತಾರೆ. ಹಾಗಿರುವಾಗ ಸಾವಿರಾರು ಟನ್ ಎಣ್ಣೆಯ ಜೊತೆಗೆ ಬಾಂಬುಗಳನ್ನೂ ಇಟ್ಟುಕೊಂಡು ಓಡಾಡುವುದೆಂದರೇನು? ‘ಅದು ತೇಲುವ ಬಾಂಬು, ಯುದ್ಧವಾದರೆ ಮೊದಲು ಹೊಡೆಯುವುದೇ ಅದನ್ನ’ ಎಂದು ನನ್ನ ಮೈದುನ ಹೇಳುತ್ತಾನೆ. ವಾರಗಟ್ಟಲೆ ಫೋನೂ ಬರುವುದಿಲ್ಲ. ಮಗ ಬೇರೆ ಹಡಗಿಗೆ ವರ್ಗ ಕೇಳುವುದು ಒಳ್ಳೆಯದೇ?

ಉತ್ತರ: ನಿಮ್ಮ ಪತ್ರದಲ್ಲಿ ಮಗನ ಹಡಗಿನ ಹೆಸರೂ, ಅದು ಹೊರಟ ಬಂದರಿನ ಹೆಸರೂ ಇದ್ದವು. ಎಲ್ಲರೂ ಓದುವ ಕಡೆ ಅಂಥ ವಿವರ ಬರಬಾರದಾದ್ದರಿಂದ ಅವೆರಡನ್ನೂ ತೆಗೆದಿದ್ದೇನೆ. ನಾನು ನೌಕಾದಳದ ಗನ್ನರಿ ಶಾಖೆಯಲ್ಲಿ ದುಡಿದು, ಮದ್ದುಗುಂಡನ್ನು ಏರಿಸುವ, ಇಳಿಸುವ, ಕಾಪಿಡುವ ಕೆಲಸದಲ್ಲೇ ಬಹುಕಾಲ ಕಳೆದು, ನಿವೃತ್ತಿಯ ನಂತರ ಹಾಸನದಲ್ಲಿ ನೆಲೆಸಿರುವವನು. ನಿಮ್ಮ ಭಯವನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಎಳೆಗಳಿವೆ. ಎಣ್ಣೆಯೂ ಮದ್ದುಗುಂಡೂ ಒಂದೇ ಹಡಗಿನಲ್ಲಿವೆ ಎಂಬುದು ಒಂದು, ಓಡುವ ಹಡಗುಗಳ ನಡುವೆ ಅವನ್ನು ದಾಟಿಸುತ್ತಾರೆ ಎಂಬುದು ಇನ್ನೊಂದು, ಯುದ್ಧ ಬಂದರೆ ಏನು ಗತಿ ಎಂಬುದು ಮೂರನೆಯದು. ಮೊದಲನೆಯದರಲ್ಲಿ ತಪ್ಪು ತಿಳಿವಳಿಕೆಯ ಪಾಲೇ ಹೆಚ್ಚು. ಎರಡನೆಯದು ನಿಜವಾದ ಅಪಾಯವೇ ಆದರೂ ಅದು ನೀವು ನೋಡುತ್ತಿರುವ ಜಾಗದಲ್ಲಿಲ್ಲ. ಮೂರನೆಯದನ್ನು ನಾನು ಅಲ್ಲಗಳೆಯಲಾರೆ, ಅದಕ್ಕೆ ವಿವರವಾಗಿಯೇ ಉತ್ತರಿಸಬೇಕು.

ಮೊದಲು ಆ ಹಡಗು ಎಂಥದ್ದು ಎಂದು ತಿಳಿದುಕೊಳ್ಳೋಣ. ಒಂದು ಕಾಲದಲ್ಲಿ ಅಮೆರಿಕದ ನೌಕಾದಳದಲ್ಲಿ ಮದ್ದುಗುಂಡು ಸಾಗಿಸುವುದಕ್ಕೆಂದೇ ಪ್ರತ್ಯೇಕ ಹಡಗುಗಳಿದ್ದವು. ಎಣ್ಣೆಗೆ ಒಂದು, ದಿನಸಿಗೆ ಒಂದು, ಮದ್ದಿಗೆ ಒಂದು ಎಂಬ ಆ ಪದ್ಧತಿ ಈಗ ಬಹುಮಟ್ಟಿಗೆ ಹೋಗಿದೆ. 2006ರಿಂದೀಚೆಗೆ ಅಲ್ಲಿಯೂ ದಿನಸಿ ಮತ್ತು ಮದ್ದುಗುಂಡು ಎರಡನ್ನೂ ಒಯ್ಯುವ 14 ಹಡಗುಗಳು ಹಳೆಯ ಮದ್ದಿನ ಹಡಗುಗಳ ಜಾಗಕ್ಕೆ ಬಂದವು. ನಮ್ಮ ನೌಕಾದಳದಲ್ಲಿ 1996ರಲ್ಲಿ ಸೇವೆಗೆ ಸೇರಿದ ಜ್ಯೋತಿ, 2000ದಲ್ಲಿ ಸೇರಿದ ಆದಿತ್ಯ, 2011ರಲ್ಲಿ ಸೇರಿದ ದೀಪಕ್ ಮತ್ತು ಶಕ್ತಿ ಇವು ಸಮುದ್ರದಲ್ಲಿ ಪೂರೈಕೆ ಮಾಡುವ ದೊಡ್ಡ ಹಡಗುಗಳು. ಇನ್ನೂ ಐದು ಹಡಗುಗಳಿಗಾಗಿ 2023ರಲ್ಲಿ ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್ ಜೊತೆ ಒಪ್ಪಂದವಾಗಿದ್ದು, ಅವು ತಲಾ ಸುಮಾರು 44,000 ಟನ್ ತೂಗಲಿವೆ.

ದೀಪಕ್ ಹಡಗಿನ ಬಹಿರಂಗವಾಗಿರುವ ಅಂಕಿಗಳನ್ನೇ ನೋಡಿ. ಅದು ಹೊರಬಲ್ಲ ಒಟ್ಟು ಸರಕು 17,900 ಟನ್. ಅದರಲ್ಲಿ 15,500 ಟನ್ ದ್ರವ, ಅಂದರೆ ಹಡಗುಗಳ ಇಂಧನ, ವಿಮಾನದ ಇಂಧನ ಮತ್ತು ನೀರು. ಅಕ್ಕಿ, ಬೇಳೆ, ತರಕಾರಿಗಳ ಜೊತೆ ಮದ್ದುಗುಂಡನ್ನೂ ಸೇರಿಸಿದ ಘನ ಸರಕು 500 ಟನ್ ಮಾತ್ರ. ಹಾಗಾಗಿ ‘ಬಾಂಬು ತುಂಬಿದ ಹಡಗು’ ಎಂಬ ಚಿತ್ರವನ್ನು ಮೊದಲು ಬದಿಗಿಡಿ. ಅದು ಮುಖ್ಯವಾಗಿ ಎಣ್ಣೆಯ ಹಡಗು, ಮದ್ದುಗುಂಡು ಅದರ ಹೊರೆಯಲ್ಲಿ ಒಂದು ಸಣ್ಣ ಭಾಗ. ಅದರ ಹೊರಗೋಡೆಯೂ ಇಮ್ಮಡಿಯಾದದ್ದು, ಹೊರ ತಗಡು ಹರಿದರೂ ಎಣ್ಣೆಯ ತೊಟ್ಟಿ ತೆರೆದುಕೊಳ್ಳದಂತೆ ಕಟ್ಟಲಾಗಿದೆ.

ಈಗ ಶಿರಾಡಿ ಘಾಟಿಯ ಮಾತು. ಅಲ್ಲಿ ಮಗುಚುವ ಟ್ಯಾಂಕರಿನಲ್ಲಿರುವುದು ಒತ್ತಡ ಹಾಕಿ ದ್ರವವಾಗಿಸಿದ ಅಡುಗೆ ಅನಿಲ. ಒಂದು ಸಣ್ಣ ಬಿರುಕು ಸಿಕ್ಕರೂ ಅದು ಆವಿಯಾಗಿ ನೆಲದ ಮೇಲೆ ಹರಡುತ್ತದೆ, ದೂರದ ಒಂದು ಬೀಡಿಯ ಕಿಡಿಯೂ ಅದಕ್ಕೆ ಸಾಕು. ಆದ್ದರಿಂದಲೇ ರಸ್ತೆ ಮುಚ್ಚುವುದು ಸರಿ. ಯುದ್ಧನೌಕೆಗಳಿಗೆ ಕೊಡುವ ಡೀಸೆಲ್ ಬೇರೆ ಸ್ವಭಾವದ್ದು. 60 ಡಿಗ್ರಿ ಸೆಲ್ಸಿಯಸ್ ಮೀರಿ ಬಿಸಿಯಾಗುವ ತನಕ ಅದರಿಂದ ಹೊತ್ತಿಕೊಳ್ಳುವಷ್ಟು ಆವಿ ಏಳುವುದಿಲ್ಲ. ಹಡಗಿನ ಮೇಲಿನ ವಿಮಾನಗಳಿಗೂ ನೌಕಾದಳಗಳು ಇದೇ ಕಾರಣಕ್ಕೆ ಸುಲಭವಾಗಿ ಹೊತ್ತಿಕೊಳ್ಳದ ಬೇರೆ ಬಗೆಯ ಇಂಧನವನ್ನು ಇಟ್ಟುಕೊಂಡಿವೆ. ಎಣ್ಣೆಗೆ ಬೆಂಕಿ ಬೀಳುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಎಂಜಿನ್ ಕೋಣೆಯಲ್ಲಿ ಬಿಸಿ ಕೊಳವೆಯ ಮೇಲೆ ಸಿಡಿದ ಎಣ್ಣೆ ಹೊತ್ತಿಕೊಂಡ ಉದಾಹರಣೆಗಳು ಪ್ರಪಂಚದಾದ್ಯಂತ ಇವೆ. ಆದರೆ ಅನಿಲದ ಟ್ಯಾಂಕರಿನ ಅಪಾಯವೇ ಬೇರೆ, ಡೀಸೆಲ್ ಹಡಗಿನ ಅಪಾಯವೇ ಬೇರೆ.

ಮದ್ದುಗುಂಡಿನ ವಿಷಯದಲ್ಲಿ ಜನರಲ್ಲಿರುವ ದೊಡ್ಡ ತಪ್ಪು ಕಲ್ಪನೆಯೆಂದರೆ ಶೆಲ್, ಅಂದರೆ ತೋಪಿನ ಗುಂಡು, ಕೈಜಾರಿ ಬಿದ್ದರೆ ಸಿಡಿಯುತ್ತದೆ ಎಂಬುದು. ಶೆಲ್ಲಿನ ಒಳಗೆ ತುಂಬುವ ಮುಖ್ಯ ಸ್ಫೋಟಕ ಸಾಮಾನ್ಯ ಏಟಿಗೆ ಜಗ್ಗುವಂಥದ್ದಲ್ಲ. ಅದನ್ನು ಸಿಡಿಸುವುದು ಶೆಲ್ಲಿಗೆ ಜೋಡಿಸುವ ಫ್ಯೂಸು ಎಂಬ ಸಾಧನದೊಳಗಿನ ಚಿಕ್ಕದಾದ, ಬಹಳ ಸೂಕ್ಷ್ಮವಾದ ಪದಾರ್ಥ. ಆ ಫ್ಯೂಸು ಕೂಡ ತೋಪಿನಿಂದ ಹಾರುವಾಗಿನ ಭಾರಿ ಒದೆತ ಮತ್ತು ತಿರುಗುವಿಕೆ ಸಿಕ್ಕಿದ ಮೇಲಷ್ಟೇ ಸಿದ್ಧವಾಗುವ ಹಾಗೆ ರೂಪಿಸಲ್ಪಟ್ಟಿರುತ್ತದೆ. ಸ್ಫೋಟಕಗಳನ್ನು ಅಂತರರಾಷ್ಟ್ರೀಯ ನಿಯಮದಂತೆ 1.1ರಿಂದ 1.6ರವರೆಗೆ ಅಪಾಯದ ವಿಭಾಗಗಳಾಗಿ ವಿಂಗಡಿಸಿ, ಯಾವುದರ ಪಕ್ಕ ಯಾವುದನ್ನು ಇಡಬಹುದು ಎಂಬುದಕ್ಕೂ ಅಕ್ಷರಗಳ ಗುಂಪು ಮಾಡಿದ್ದಾರೆ. ಸ್ಫೋಟಕಕ್ಕೆ ಚಾಲನೆ ಕೊಡುವ ಡಿಟೊನೇಟರ್ ಇಡುವ ಕಡೆ ಬಾಂಬು ಇಡುವಂತಿಲ್ಲ. ಮದ್ದಿನ ಕೋಠಿಯ ಉಷ್ಣಾಂಶವನ್ನು ತಪ್ಪದೆ ದಾಖಲಿಸಬೇಕು, ಕೋಠಿಯ ಮೇಲ್ಛಾವಣಿಯಲ್ಲಿ ನೀರು ಸುರಿಸುವ ಕೊಳವೆಗಳು ಸದಾ ಸಿದ್ಧವಿರಬೇಕು. ನನಗೆ ಕೆಲಸ ಕಲಿಸಿದ ಹಿರಿಯರು ಎಲ್ಲಕ್ಕಿಂತ ಮೊದಲು ಕಲಿಸಿದ್ದು ಉಷ್ಣಮಾಪಕವನ್ನು ಕಣ್ಣಮಟ್ಟಕ್ಕೆ ಬಗ್ಗಿ ಓದಬೇಕು, ನಿನ್ನೆಯ ಅಂಕಿ ನೋಡಿ ಇವತ್ತಿನದನ್ನು ಬರೆಯಬಾರದು ಎಂಬುದನ್ನು.

ಉಷ್ಣಾಂಶಕ್ಕೆ ಇಷ್ಟು ಮಹತ್ವ ಏಕೆಂದರೆ ಮದ್ದುಗುಂಡಿನ ನಿಜವಾದ ಶತ್ರು ಪೆಟ್ಟಲ್ಲ, ಶಾಖ. ತೋಪಿನಿಂದ ಶೆಲ್ಲನ್ನು ನೂಕುವ ಚಾಲಕ ಮದ್ದು ವರ್ಷಗಳು ಕಳೆದಂತೆ ತಾನಾಗಿಯೇ ನಿಧಾನವಾಗಿ ಕೆಡುತ್ತದೆ, ಶಾಖವಿದ್ದರೆ ಬೇಗ ಕೆಡುತ್ತದೆ; ಆದ್ದರಿಂದಲೇ ಅದನ್ನು ಆಗಾಗ ಪರೀಕ್ಷಿಸಿ ಹಳೆಯದನ್ನು ತೆಗೆಯುತ್ತಾರೆ. ಬೆಂಕಿಯ ಮಾತಂತೂ ಕೇಳಲೇಬೇಡಿ. 1967ರ ಜುಲೈ 29ರಂದು ಅಮೆರಿಕದ ಫಾರೆಸ್ಟಲ್ ಎಂಬ ವಿಮಾನವಾಹಕ ನೌಕೆಯ ಮೇಲೆ ಒಂದು ರಾಕೆಟ್ ವಿದ್ಯುತ್ ದೋಷದಿಂದ ತಾನಾಗಿ ಹಾರಿ, ಇಂಧನ ಚೆಲ್ಲಿ ಬೆಂಕಿ ಹತ್ತಿದಾಗ, ಹಳೆಯ ಕಾಲದ ಬಾಂಬೊಂದು ಒಂದೆರಡು ನಿಮಿಷದೊಳಗೇ ಬೆಂದು ಸಿಡಿಯಿತು. 134 ಮಂದಿ ಸತ್ತರು. ಬೆಂಕಿಯಲ್ಲಿ ಬಿದ್ದರೂ ಉರಿದುಹೋಗುವ, ಆದರೆ ಸಿಡಿಯದ ಬಗೆಯ ಸ್ಫೋಟಕಗಳನ್ನು ತಯಾರಿಸುವ ಕೆಲಸಕ್ಕೆ ಆ ದುರಂತ ದೊಡ್ಡ ಒತ್ತಾಸೆಯಾಯಿತು. ಮದ್ದುಗುಂಡು ದಾಟಿಸುವಾಗ ಕೆಲವು ರೇಡಾರ್, ರೇಡಿಯೊಗಳನ್ನು ಆರಿಸುವುದೂ ಇಂಥದೇ ಎಚ್ಚರಿಕೆ. ಅವುಗಳ ತರಂಗಗಳು ವಿದ್ಯುತ್ತಿನಿಂದ ಸಿಡಿಯುವ ಭಾಗಗಳನ್ನು ತಟ್ಟಬಾರದು.

ಹಾಗಾದರೆ ಇತಿಹಾಸದಲ್ಲಿ ಮದ್ದುಗುಂಡಿನ ಹಡಗುಗಳು ಸಿಡಿದಿಲ್ಲವೇ? ಸಿಡಿದಿವೆ. ಆ ಘಟನೆಗಳನ್ನು ಒಂದೊಂದಾಗಿ ನೋಡಿದರೆ ಅಪಾಯ ಎಲ್ಲಿದೆ ಎಂಬುದು ತಾನಾಗಿ ಗೊತ್ತಾಗುತ್ತದೆ. ನಮ್ಮ ದೇಶದ್ದನ್ನೇ ತೆಗೆದುಕೊಳ್ಳಿ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಸರಕು ಹಡಗು ಸಿಡಿಯಿತು. ಅದರಲ್ಲಿ ಸುಮಾರು 1,400 ಟನ್ ಸ್ಫೋಟಕವಿತ್ತು. ಬರುವ ದಾರಿಯಲ್ಲಿ ಕರಾಚಿಯಲ್ಲಿ ಹತ್ತಿಯ ಬೇಲುಗಳನ್ನೂ ಅದಕ್ಕೇ ತುಂಬಿದ್ದರು. ಮಧ್ಯಾಹ್ನ ಸುಮಾರು 2 ಗಂಟೆಗೆ ಹತ್ತಿಯಿಂದ ಹೊಗೆ ಕಾಣಿಸಿಕೊಂಡಿತು. 4 ಗಂಟೆ ದಾಟಿದ ಕೆಲವೇ ನಿಮಿಷಗಳಲ್ಲಿ ಸ್ಫೋಟವಾಯಿತು. ನಡುವಿನ ಎರಡು ಗಂಟೆಗಳಲ್ಲಿ ಹಡಗನ್ನು ಅಲ್ಲೇ ಮುಳುಗಿಸಬೇಕೇ, ಹೊರಗೆ ಎಳೆದೊಯ್ಯಬೇಕೇ ಎಂಬುದನ್ನು ಖಚಿತವಾಗಿ ತೀರ್ಮಾನಿಸುವವರೇ ಇರಲಿಲ್ಲ. ಬೆಂಕಿ ಆರಿಸಲು ಹೋದವರೂ ಸೇರಿ ನೂರಾರು ಜನ ಸತ್ತರು. ನಮ್ಮ ಹಾಸನದ ಅಗ್ನಿಶಾಮಕ ಠಾಣೆಯೂ ಸೇರಿದಂತೆ ದೇಶದ ಎಲ್ಲ ಠಾಣೆಗಳು ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ ಆಚರಿಸುವುದು ಅವರ ನೆನಪಿಗಾಗಿಯೇ.

ಅದೇ ವರ್ಷದ ಜುಲೈ 17ರಂದು ಕ್ಯಾಲಿಫೋರ್ನಿಯಾದ ಪೋರ್ಟ್ ಚಿಕಾಗೊದಲ್ಲಿ ಹಡಗಿಗೆ ಮದ್ದು ತುಂಬುವಾಗ ನಡೆದ ಸ್ಫೋಟದಲ್ಲಿ 320 ಮಂದಿ ಸತ್ತರು. ಅಲ್ಲಿ ಸರಿಯಾದ ತರಬೇತಿಯಿಲ್ಲದ ಹುಡುಗರನ್ನು ಕೆಲಸಕ್ಕೆ ಹಚ್ಚಿ, ಯಾವ ತಂಡ ಬೇಗ ತುಂಬುತ್ತದೆ ಎಂದು ಪೈಪೋಟಿಗೆ ಬಿಟ್ಟಿದ್ದರು. ನವೆಂಬರ್ 10ರಂದು ಪೆಸಿಫಿಕ್ ಸಾಗರದ ಮಾನುಸ್ ದ್ವೀಪದ ಬಂದರಿನಲ್ಲಿ ಮೌಂಟ್ ಹುಡ್ ಎಂಬ ಮದ್ದುಗುಂಡಿನ ಹಡಗು ಸುಮಾರು 3,800 ಟನ್ ಮದ್ದಿನೊಡನೆ ಹೇಳಹೆಸರಿಲ್ಲದಂತಾಯಿತು. ಅದು ಇತರ ಹಡಗುಗಳ ನಡುವೆಯೇ ಲಂಗರು ಹಾಕಿತ್ತು, ಸುತ್ತ ಸಣ್ಣ ದೋಣಿಗಳು ನೆರೆದಿದ್ದವು. ಹಡಗಿನಲ್ಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲವಾದ್ದರಿಂದ ಸ್ಫೋಟದ ಕಾರಣ ಖಚಿತವಾಗಲಿಲ್ಲ. ಮದ್ದನ್ನು ಒರಟಾಗಿ ಎತ್ತಿ ಇಳಿಸಿದ್ದೇ ಇರಬಹುದೆಂದು ವಿಚಾರಣೆಯಲ್ಲಿ ಊಹಿಸಿದರು. 2013ರ ಆಗಸ್ಟ್ 14ರಂದು ನಮ್ಮ ಸಿಂಧುರಕ್ಷಕ್ ಜಲಾಂತರ್ಗಾಮಿ 18 ನಾವಿಕರೊಡನೆ ಸಿಡಿದು ಮುಳುಗಿದ್ದೂ ಮುಂಬಯಿಯ ನೌಕಾ ಡಾಕ್‌ಯಾರ್ಡಿನಲ್ಲೇ.

ಇವೆಲ್ಲವೂ ನಡೆದದ್ದು ದಡದ ಪಕ್ಕದಲ್ಲಿ ಅಥವಾ ಬಂದರಿನ ಲಂಗರಿನಲ್ಲಿ. ಹೊಂದದ ಸರಕುಗಳ ಬೆರಕೆ, ಜನ ಮತ್ತು ದೋಣಿಗಳ ದಟ್ಟಣೆ, ಕಲಿಯದ ಕೈಗಳು, ಅವಸರ, ತೀರ್ಮಾನ ತೆಗೆದುಕೊಳ್ಳುವವರ ಗೈರು ಇವು ಬಂದರಿನಲ್ಲಿ ಕೂಡಿಬಂದಷ್ಟು ಸುಲಭವಾಗಿ ತೆರೆದ ಸಮುದ್ರದಲ್ಲಿ ಕೂಡಿಬರುವುದಿಲ್ಲ. ಸಮುದ್ರದಲ್ಲಿ ಮದ್ದುಗುಂಡು ದಾಟಿಸುವುದು 1945ರಲ್ಲಿ ಅಮೆರಿಕ, ಜಪಾನುಗಳ ನಡುವೆ ನಡೆದ ಇವೋ ಜಿಮಾ ದ್ವೀಪದ ಕದನದ ಹೊತ್ತಿಗೇ ಬಳಕೆಗೆ ಬಂದ ಕ್ರಮ. ಅಂದಿನಿಂದ ಅದರ ಒಂದೊಂದು ಹೆಜ್ಜೆಗೂ ಲಿಖಿತ ನಿಯಮ ಬೆಳೆದಿದೆ. ನೀವು ವಿಡಿಯೊದಲ್ಲಿ ಕಂಡದ್ದು ಆ ನಿಯಮಗಳನ್ನೇ.

ಅದು ನಡೆಯುವ ಬಗೆ ಹೀಗೆ. ಪೂರೈಕೆ ಹಡಗು ಒಂದು ದಿಕ್ಕು ಹಿಡಿದು ಸಾಮಾನ್ಯವಾಗಿ 12ರಿಂದ 15 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 22ರಿಂದ 28 ಕಿಲೋಮೀಟರ್ ವೇಗದಲ್ಲಿ ನೇರವಾಗಿ ಸಾಗುತ್ತಿರುತ್ತದೆ. ಪಡೆಯುವ ಹಡಗು ಹಿಂದಿನಿಂದ ಬಂದು 30ರಿಂದ 60 ಮೀಟರ್ ಅಂತರದಲ್ಲಿ ಸಮಸಮ ನಿಲ್ಲುತ್ತದೆ. ಒಬ್ಬ ನಾವಿಕ ಬಂದೂಕಿನಂಥ ಸಾಧನದಿಂದ ತೆಳ್ಳನೆಯ ದಾರವನ್ನು ಆಚೆ ಹಡಗಿಗೆ ಹಾರಿಸುತ್ತಾನೆ. ದಾರಕ್ಕೆ ಸಣ್ಣ ಹಗ್ಗ, ಅದಕ್ಕೆ ದೊಡ್ಡ ಹಗ್ಗ, ಕೊನೆಗೆ ಉಕ್ಕಿನ ತಂತಿ ಹೀಗೆ ಒಂದರ ಹಿಂದೊಂದು ದಾಟಿಹೋಗುತ್ತವೆ. ಉಕ್ಕಿನ ತಂತಿಯ ಮೇಲೆ ರಾಟೆ ಕಟ್ಟಿ ಮದ್ದಿನ ಪೆಟ್ಟಿಗೆಗಳನ್ನು ಎಳೆಯುತ್ತಾರೆ. ಮುಂಭಾಗದಲ್ಲಿ ಬಣ್ಣಬಣ್ಣದ ಬಾವುಟ ಕಟ್ಟಿದ ಇನ್ನೊಂದು ಹಗ್ಗವನ್ನು ಎರಡೂ ಹಡಗುಗಳ ನಡುವೆ ಹಿಡಿದಿರುತ್ತಾರೆ. ಕ್ಯಾಪ್ಟನ್ ಆ ಬಾವುಟಗಳನ್ನು ಎಣಿಸಿಯೇ ಅಂತರ ಎಷ್ಟಿದೆ ಎಂದು ಕ್ಷಣಕ್ಷಣಕ್ಕೂ ತಿಳಿಯುತ್ತಾನೆ. ಎಣ್ಣೆ ಅಥವಾ ಮದ್ದು ದಾಟುವಷ್ಟು ಹೊತ್ತೂ ಕೆಂಪು ಬಾವುಟ ಹಾರುತ್ತಿರಬೇಕು. ಎರಡು ಹಡಗುಗಳ ನಡುವೆ ನುಗ್ಗುವ ನೀರು ಅವನ್ನು ಒಂದರ ಕಡೆಗೊಂದು ಸೆಳೆಯುವುದರಿಂದ ಚುಕ್ಕಾಣಿ ಹಿಡಿದವನು ರೆಪ್ಪೆ ಮಿಟುಕಿಸದೆ ದಿಕ್ಕು ಕಾಯಬೇಕಾಗುತ್ತದೆ. ಅನುಭವಿಗಳನ್ನಲ್ಲದೆ ಬೇರೆಯವರನ್ನು ಆ ಹೊತ್ತಿನಲ್ಲಿ ಅಲ್ಲಿ ನಿಲ್ಲಿಸುವುದಿಲ್ಲ. ಯಂತ್ರ ಕೈಕೊಟ್ಟರೆ ಎಲ್ಲವನ್ನೂ ಕಳಚಿ ದೂರ ಸರಿಯುವ ಕ್ರಮವನ್ನು ಮೊದಲೇ ಅಭ್ಯಾಸ ಮಾಡಿರುತ್ತಾರೆ, ಹಗ್ಗ ಕಡಿಯಲು ಕೊಡಲಿಯೂ ಕೈಗೆಟುಕುವಲ್ಲೇ ಇರುತ್ತದೆ.

ನಿಮ್ಮ ಮಗ ಎಚ್ಚರದಿಂದಿರಬೇಕಾದದ್ದು ಈ ಡೆಕ್ಕಿನ ಮೇಲೆ. ಅಲ್ಲಿ ಎಳೆಯ ನಾವಿಕನನ್ನು ಗಾಯಗೊಳಿಸುವುದು ಸಾಮಾನ್ಯವಾಗಿ ಸ್ಫೋಟವಲ್ಲ, ಬಿಗಿಯಾಗಿ ಎಳೆದ ಹಗ್ಗ. ಭಾರ ತಾಳದೆ ತುಂಡಾದ ಉಕ್ಕಿನ ತಂತಿ ತನ್ನ ದಾರಿಯಲ್ಲಿ ಸಿಕ್ಕಿದವರ ಕೈಕಾಲು ಮುರಿಯಬಲ್ಲದು, ಜೀವವನ್ನೂ ತೆಗೆಯಬಲ್ಲದು. ಡೆಕ್ಕಿನ ಮೇಲೆ ಸುರುಳಿಯಾಗಿ ಬಿದ್ದ ಹಗ್ಗದೊಳಗೆ ಕಾಲಿಟ್ಟು ನಿಂತವನನ್ನು ಅದು ಎಳೆದೊಯ್ಯುತ್ತದೆ. ಅಲೆಗೆ ಹಡಗು ಹೊರಳಿದಾಗ ತೂಗುವ ಪೆಟ್ಟಿಗೆ ಗೋಡೆಗೂ ಮನುಷ್ಯನಿಗೂ ನಡುವೆ ಬರುತ್ತದೆ. ಎಣ್ಣೆ, ಉಪ್ಪುನೀರು ಬಿದ್ದ ತಗಡು ಜಾರುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಬಿಗಿದ ತಂತಿಯ ನೇರದಲ್ಲಿ ನಿಲ್ಲಬಾರದು, ತೂಗುವ ಹೊರೆಯ ಕೆಳಗೆ ಹೋಗಬಾರದು, ಲೈಫ್ ಜಾಕೆಟ್ ಮತ್ತು ಹೆಲ್ಮೆಟ್ಟಿನ ಪಟ್ಟಿಯನ್ನು ಸೆಕೆಯೆಂದು ಸಡಿಲಿಸಬಾರದು: ಈ ನಾಲ್ಕು ಮಾತುಗಳು ಅವನಿಗೆ ರಕ್ತಗತವಾದರೆ ಅವನ ಮಟ್ಟಿಗಿನ ಅಪಾಯದ ಬಹುಪಾಲು ಕಡಿಮೆಯಾಗುತ್ತದೆ. ದಣಿವು ಈ ಎಲ್ಲವನ್ನೂ ಕೆಡಿಸುತ್ತದೆ. ರಾತ್ರಿ ಪಾಳಿ ಮುಗಿಸಿದ ಹುಡುಗ ಬೆಳಗಿನ ಜಾವ ಮತ್ತೆ ಹಗ್ಗ ಹಿಡಿಯಬೇಕಾದ ದಿನಗಳು ಬರುತ್ತವೆ. ಅಂದು ಸಿಕ್ಕಿದ ಅರ್ಧ ಗಂಟೆಯಲ್ಲೂ ಮೊಬೈಲು ಬದಿಗಿಟ್ಟು ಮಲಗಬೇಕು ಎಂದು ಅವನಿಗೆ ನೀವೇ ಹೇಳಿ, ತಾಯಿಯ ಮಾತು ನಾಟುತ್ತದೆ.

ಇಷ್ಟೆಲ್ಲ ಕಷ್ಟಪಡುವ ಬದಲು ಯುದ್ಧನೌಕೆಗಳು ಬಂದರಿಗೆ ಬಂದು ತುಂಬಿಕೊಳ್ಳಬಾರದೇ ಎಂದು ನೀವು ಕೇಳಬಹುದು. ಸಾಧ್ಯವಿರುವಾಗ ಹಾಗೆಯೇ ಮಾಡುತ್ತಾರೆ. ನಮ್ಮ ಕಾರವಾರದಲ್ಲೇ 2015ರಲ್ಲಿ ಕ್ಷಿಪಣಿ, ಮದ್ದುಗುಂಡುಗಳ ಸಂಗ್ರಹಕ್ಕೆಂದು ಐಎನ್‌ಎಸ್ ವಜ್ರಕೋಶ ಸೇವೆಗೆ ಬಂದಿದೆ. ಬಂದರಿನಿಂದ ದೂರ ಲಂಗರು ಹಾಕಿದ ಹಡಗಿಗೆ ಬಾರ್ಜಿನಲ್ಲಿ ಮದ್ದು ಒಯ್ದು ಕೊಡುವುದೂ ಉಂಟು. ಆದರೆ ಬಂದರಿಗೆ ಹಿಂದಿರುಗಿದ ಹಡಗು ಕಾವಲಿನ ಜಾಗ ಬಿಟ್ಟು ಬಂದಂತೆ, ಹೋಗಿಬರುವುದಕ್ಕೇ ದಿನಗಳು ಹಿಡಿಯುತ್ತವೆ, ಮೇಲಾಗಿ ಬಂದರು ಎಲ್ಲಿದೆ ಎಂಬುದು ಶತ್ರುವಿಗೆ ಗೊತ್ತಿರುವ ಸಂಗತಿ. ಹೆಲಿಕಾಪ್ಟರಿನ ಕೆಳಗೆ ಬಲೆ ಕಟ್ಟಿ ದಾಟಿಸಿದರೆ ಹಡಗುಗಳು ಹತ್ತಿರ ಬರುವ ಅಗತ್ಯವಿಲ್ಲ; ಆದರೆ ಒಮ್ಮೆಗೆ ಹೋಗುವ ತೂಕ ಕಡಿಮೆ, ಗಾಳಿ ಮಳೆಗೆ ಕೆಲಸ ನಿಲ್ಲುತ್ತದೆ. ಡೆಕ್ಕಿನೊಳಗೆ ಲಂಬವಾಗಿ ಕೂರಿಸಿದ ದೊಡ್ಡ ಕ್ಷಿಪಣಿಗಳನ್ನಂತೂ ತೂಗುವ ಸಮುದ್ರದಲ್ಲಿ ಕೊಳವೆಗೆ ಇಳಿಸುವುದು ಬಹಳ ಕಠಿಣವಾದ್ದರಿಂದ ಅವನ್ನು ಸಾಮಾನ್ಯವಾಗಿ ಬಂದರಿನಲ್ಲೇ ತುಂಬುತ್ತಾರೆ. ಅಮೆರಿಕದವರು 2024ರ ಅಕ್ಟೋಬರಿನಲ್ಲಿ ಸ್ಯಾನ್ ಡಿಯಾಗೊ ಬಳಿ ಖಾಲಿ ಡಬ್ಬಿಯೊಂದನ್ನು ಓಡುವ ಹಡಗಿನ ಮೇಲೆ ಹೀಗೆ ಇಳಿಸಿ ಪ್ರಯೋಗ ಮಾಡಿದರು. ಈ ಯಾವ ದಾರಿಯೂ ಅಪಾಯವಿಲ್ಲದ್ದಲ್ಲ. ನನ್ನನ್ನು ಕೇಳಿದರೆ, ಮದ್ದು ಏರಿಸುವ ಬಂದರಿನ ದಿನಗಳಿಗೇ ನಾನು ಹೆಚ್ಚು ಹೆದರುತ್ತೇನೆ, ಏಕೆಂದರೆ ದಡ ಕಂಡೊಡನೆ ಮೈ ಸಡಿಲವಾಗುತ್ತದೆ.

ಇನ್ನು ಯುದ್ಧ. ಪೂರೈಕೆ ಹಡಗು ಶತ್ರುವಿಗೆ ಬೆಲೆಬಾಳುವ ಗುರಿ ಎಂಬ ನಿಮ್ಮ ಮೈದುನನ ಮಾತು ನಿಜ. ಅದೊಂದನ್ನು ಹೊಡೆದರೆ ಹಲವು ನೌಕೆಗಳು ಹಸಿಯುತ್ತವೆ. ನಾವೇ ಹಾಗೆ ಹೊಡೆದಿದ್ದೇವೆ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲಿನ ದಾಳಿಯಲ್ಲಿ ನಮ್ಮ ನಿಪಾತ್ ಎಂಬ ಕ್ಷಿಪಣಿ ದೋಣಿ ಹಾರಿಸಿದ ಕ್ಷಿಪಣಿಗೆ, ಮದ್ದುಗುಂಡು ಹೊತ್ತಿದ್ದ ವೀನಸ್ ಚಾಲೆಂಜರ್ ಎಂಬ ಸರಕು ಹಡಗು ಸಿಡಿದು ಮುಳುಗಿತು. ನಾಲ್ಕು ದಿನಗಳ ನಂತರ ವಿನಾಶ್ ಎಂಬ ನಮ್ಮ ಇನ್ನೊಂದು ಕ್ಷಿಪಣಿ ದೋಣಿಯ ಕ್ಷಿಪಣಿ ತಗುಲಿದ ಪಾಕಿಸ್ತಾನದ ಢಾಕಾ ಎಂಬ ಎಣ್ಣೆ ಹಡಗು ದುರಸ್ತಿಯಾಗದಷ್ಟು ಹಾಳಾಯಿತು. ಎರಡೂ ಸಂಗತಿಗಳನ್ನು ನಿಮ್ಮಿಂದ ಮುಚ್ಚಿಡುವುದು ತರವಲ್ಲ: ಕ್ಷಿಪಣಿ ನೇರವಾಗಿ ಮದ್ದಿನ ಕೋಠಿಗೆ ತಗುಲಿದರೆ ಯಾವ ನಿಯಮವೂ ಹಡಗನ್ನು ಕಾಪಾಡದು. ಆದರೆ ಅದೇ ಡಿಸೆಂಬರ್ 4ರ ದಾಳಿಯಲ್ಲಿ ನಮ್ಮ ಕಡೆಯೂ ಒಂದು ಎಣ್ಣೆ ಹಡಗು ಇತ್ತು, ಪೋಷಕ್. ಕ್ಷಿಪಣಿ ದೋಣಿಗಳು ಅಷ್ಟು ದೂರ ಹೋಗಿಬರುವಂಥವಲ್ಲವಾದ್ದರಿಂದ ಅದು ಜೊತೆಗೆ ಹೊರಟಿತ್ತು. ಗುಂಪಿನ ಎಲ್ಲ ಹಡಗುಗಳೂ ಹಿಂದಿರುಗಿದವು. ಪೂರೈಕೆ ಹಡಗನ್ನು ಕದನದ ಮುಂಚೂಣಿಯಲ್ಲಿಡುವುದಿಲ್ಲ. ಅದರ ಸುತ್ತ ಬೆಂಗಾವಲು ಇರುತ್ತದೆ, ಭೇಟಿಯ ಜಾಗವನ್ನು ಬದಲಿಸುತ್ತಲೇ ಇರುತ್ತಾರೆ, ಎರಡು ಹಡಗು ನೇರ ದಾರಿಯಲ್ಲಿ ಅಂಟಿಕೊಂಡಂತೆ ಸಾಗುವ ಆ ಗಂಟೆಗಳು ಅತಿ ದುರ್ಬಲವೆಂದು ಎಲ್ಲರಿಗೂ ಗೊತ್ತಿರುವುದರಿಂದ ಕೆಲಸವನ್ನು ಸಾಧ್ಯವಾದಷ್ಟು ಬೇಗ, ಎಷ್ಟೋ ಸಲ ಕತ್ತಲಲ್ಲಿ, ಮುಗಿಸುತ್ತಾರೆ.

ಅದರ ಮುಖ್ಯ ರಕ್ಷಣೆ ಅದು ಎಲ್ಲಿದೆ ಎಂಬುದು ತಿಳಿಯದಿರುವುದು. ಇದರಲ್ಲಿ ಮನೆಯವರ ಪಾಲು ದೊಡ್ಡದು. ಮಗ ಯಾವ ಬಂದರಿನಿಂದ ಎಂದು ಹೊರಟ, ಎಂದು ತಿರುಗಿ ಬರುತ್ತಾನೆ ಎಂಬುದನ್ನು ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಾಗಲಿ, ಊರಿನ ಗುಂಪಿನಲ್ಲಾಗಲಿ ಹಾಕಬೇಡಿ, ಮೈದುನನಿಗೂ ಹೇಳಿ. ಫೋನು ಬಾರದಿರುವುದಕ್ಕೂ ಅಪಾಯಕ್ಕೂ ಸಂಬಂಧವಿಲ್ಲ. ದಡದಿಂದ ದೂರ ಹೋದ ಮೇಲೆ ಟವರ್ ಸಿಗುವುದಿಲ್ಲ, ಸಿಕ್ಕರೂ ಎಷ್ಟೋ ಹೊತ್ತು ಬಳಸಲು ಅನುಮತಿ ಇರುವುದಿಲ್ಲ.

ಕೊನೆಗೆ ವರ್ಗದ ಪ್ರಶ್ನೆ. ಮನೆಯಲ್ಲಿ ಗಂಭೀರ ಕಾಯಿಲೆಯಂಥ ಕಾರಣವಿದ್ದರೆ ಅರ್ಜಿ ಕೊಡಲು ದಾರಿ ಇದೆ, ಭಯವೊಂದೇ ಕಾರಣವಾದರೆ ಅದು ನಿಲ್ಲುವುದಿಲ್ಲ. ನಿಂತರೂ ಲಾಭವಿಲ್ಲ, ಏಕೆಂದರೆ ಅವನು ಹೋಗುವ ಫ್ರಿಗೇಟಾಗಲಿ ಡಿಸ್ಟ್ರಾಯರಾಗಲಿ ಅದೂ ತನ್ನ ಹೊಟ್ಟೆಯಲ್ಲಿ ಮದ್ದು, ಕ್ಷಿಪಣಿ, ಟಾರ್ಪೆಡೊ ಇಟ್ಟುಕೊಂಡಿರುತ್ತದೆ, ಇದೇ ಹಗ್ಗದ ಆಚೆ ತುದಿ ಹಿಡಿಯುವುದೂ ಅದರ ಹುಡುಗರೇ. ವ್ಯತ್ಯಾಸವೆಂದರೆ ಯುದ್ಧದಲ್ಲಿ ಅದು ಮುಂದೆ ನಿಲ್ಲುತ್ತದೆ. ಪೂರೈಕೆ ಹಡಗಿನಲ್ಲಿ ಹಗ್ಗ, ವಿಂಚು, ಕ್ರೇನು, ಪಂಪುಗಳ ಕೆಲಸವನ್ನು ಕಲಿತವನಿಗೆ ನಾಲ್ಕು ವರ್ಷದ ನಂತರ ಸೇವೆ ಮುಂದುವರಿಯದಿದ್ದರೂ ವಾಣಿಜ್ಯ ಹಡಗು, ಬಂದರುಗಳ ಕೆಲಸಕ್ಕೆ ಪ್ರಯತ್ನಿಸುವಾಗ ಅದು ಒದಗಿಬರುತ್ತದೆ. ಆದ್ದರಿಂದ ನನ್ನ ಸಲಹೆ, ಅವನು ಅಲ್ಲೇ ಇರಲಿ. ರಜೆಗೆ ಬಂದಾಗ ಎರಡು ಪ್ರಶ್ನೆ ಕೇಳಿ: ಡೆಕ್ಕಿನ ಮೇಲೆ ತಪ್ಪು ಕಂಡರೆ ‘ನಿಲ್ಲಿಸಿ’ ಎಂದು ಕೂಗುವ ಧೈರ್ಯ ನಿನಗಿದೆಯೇ, ಕೂಗಿದವನನ್ನು ನಿಮ್ಮ ಹಿರಿಯರು ಬೈಯುತ್ತಾರೋ ಕೇಳಿಸಿಕೊಳ್ಳುತ್ತಾರೋ? ಕೇಳಿಸಿಕೊಳ್ಳುತ್ತಾರೆ ಎಂದು ಅವನು ಹೇಳಿದರೆ ಹಡಗು ಒ‍ಳ್ಳೆಯ ಕೈಗಳಲ್ಲಿದೆ ಎಂದು ತಿಳಿಯಿರಿ. ಬೈಯುತ್ತಾರೆ ಎಂದರೆ, ಹಡಗಿನಲ್ಲಿ ತನ್ನ ವಿಭಾಗದ ಅಧಿಕಾರಿಯ ಬಳಿ ಈ ಮಾತನ್ನು ಎತ್ತುವ ಹಕ್ಕು ಅವನಿಗಿದೆ ಎಂದು ತಿಳಿಸಿ. ಅಗ್ನಿವೀರರಿಗಿರುವ 48 ಲಕ್ಷ ರೂಪಾಯಿ ವಿಮೆಯ ಕಾಗದದಲ್ಲಿ ನಾಮಿನಿಯ ಹೆಸರು, ಬ್ಯಾಂಕ್ ಖಾತೆಯ ವಿವರ ಸರಿಯಾಗಿವೆಯೇ ಎಂಬುದನ್ನೂ ಅದೇ ರಜೆಯಲ್ಲಿ ಒಮ್ಮೆ ಕೂತು ನೋಡಿಬಿಡಿ.